ಟೂ ಬಿಟ್ಟ ಅಕ್ಕ, ರಾಜಿ ಕೇಳಿದ ತಾತ

ಮೊದಲ ದಿನ, ಸೋಮವಾರ

ಅಕ್ಕನ ಮಗ ಕೆಲಸದ ಮೇಲೆ ಇಸ್ತಾಂಬುಲ್‌ಗೆ ಹೋಗಿ ಎಂಟು ತಿಂಗಳಾಗಿತ್ತು. "ಅವ್ವನ್ನ ಕರ್ಕೊಂಡು ಬಾ ಚಿಕ್ಕಮ್ಮ, ಒಬ್ಬಳೇ ಬರಲ್ಲ ಅಂತಾಳೆ" ಅಂತ ದಿನಾ ಅವನ ಕಾಟ. ವೀಸಾ, ಟಿಕೆಟ್ಟು ಎಲ್ಲ ಅವನೇ ನೋಡಿಕೊಂಡ. ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ ನಾವಿಬ್ಬರೂ ಎರಡು ಸೂಟ್‌ಕೇಸು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಇಪ್ಪತ್ತು ಕಟಕ ರೊಟ್ಟಿ ಹಿಡಿದು ಇಳಿದೆವು.

ಅವತ್ತು ಸಂಜೆಯೇ ಅವನ ಆಫೀಸಿನ ಹುಡುಗಿಯೊಬ್ಬಳು ನಮ್ಮನ್ನು ನೋಡಲು ಬಂದಳು. ಕಡಿಕೋಯ್‌ನಲ್ಲಿ ಸಮುದ್ರದ ಪಕ್ಕ ಕೂತು ಚಹಾ ಕುಡಿದೆವು. ಇಲ್ಲಿ ಚಹಾಕ್ಕೆ ಹಾಲು ಹಾಕಲ್ಲ. ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಕೆಂಪಗೆ ಬರುತ್ತದೆ. ಅಕ್ಕ ಮೊದಲ ಗುಟುಕಿಗೆ ಮುಖ ಕಿವುಚಿದಳು. ಮೂರನೇ ಲೋಟಕ್ಕೆ ಒಗ್ಗಿಕೊಂಡಳು.

"ನಿಮ್ಮೂರಲ್ಲಿ ಏನು ವಿಶೇಷ?" ಅಂತ ಆ ಹುಡುಗಿ ಸುಮ್ನೆ ಮಾತಿಗೆ ಕೇಳಿದಳು.

ನಮ್ಮೂರು ರಾಯಚೂರು ಜಿಲ್ಲೆಯಲ್ಲಿ, ಮುದಗಲ್ ಹತ್ತಿರ. ಆ ಕಡೆಯವರನ್ನು ವಿಶೇಷ ಏನು ಅಂತ ಕೇಳಿದರೆ ಉತ್ತರ ಒಂದೇ. ಅಕ್ಕ ಫೋನ್ ತೆಗೆದು ಮೊಹರಂ ಫೋಟೋ ತೋರಿಸಿದಳು. ಹೂವು, ಬಟ್ಟೆ ಸುತ್ತಿದ ಪಂಜಾ, ಅಲಾಯಿ ಕುಣಿ, ಅದರ ಸುತ್ತ ಹೆಜ್ಜೆ ಹಾಕುವ ಹುಡುಗರು. ನಮ್ಮಪ್ಪ ಹಸನ್ ಹುಸೇನರ ರಿವಾಯತ್ ಪದ ಹಾಡುತ್ತಿದ್ದರು. ಮುಸ್ಲಿಮರ ಒಂದೂ ಮನೆಯಿಲ್ಲದ ಊರಲ್ಲೂ ನಮ್ಮ ಕಡೆ ಪೀರಲ ಹಬ್ಬ ನಡೆಯುತ್ತದೆ.

ಆ ಹುಡುಗಿ ಪಂಜಾದ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಹುಸೇನ್ ಬಗ್ಗೆ ಹಾಡು? ನಿಮ್ಮ ಭಾಷೆಯಲ್ಲಿ?" ಅಂತ ಎರಡು ಸಲ ಕೇಳಿದಳು. ಆಮೇಲೆ ದನಿ ತಗ್ಗಿಸಿ, ತಾನು ಅಲೆವಿ ಅಂತ ಹೇಳಿದಳು. ಆಫೀಸಿನಲ್ಲಿ ಎಲ್ಲರ ಹತ್ತಿರವೂ ಹೇಳಿಕೊಳ್ಳಲ್ವಂತೆ.

ತುರ್ಕಿಯಲ್ಲಿ ಸುನ್ನಿಗಳು ಬಿಟ್ಟರೆ ದೊಡ್ಡ ಸಮುದಾಯ ಅಲೆವಿಗಳದ್ದೇ. ಅಲಿಯನ್ನೂ ಹನ್ನೆರಡು ಇಮಾಮರನ್ನೂ ನಂಬುತ್ತಾರೆ, ಆದರೆ ಇರಾನಿನ ಶಿಯಾಗಳ ಥರ ಅಲ್ಲ. ಹೆಚ್ಚಿನವರು ಮಸೀದಿಗೆ ಹೋಗಲ್ಲ, ರಂಜಾನ್ ಉಪವಾಸ ಮಾಡಲ್ಲ. ಮೊಹರಂನಲ್ಲಿ ಹನ್ನೆರಡು ದಿನ ಉಪವಾಸ. ಆ ದಿನಗಳಲ್ಲಿ ಕರ್ಬಲಾದಲ್ಲಿ ಹುಸೇನರು ಪಟ್ಟ ಬಾಯಾರಿಕೆ ನೆನೆದು ಸಾದಾ ನೀರು ಕುಡಿಯಲ್ಲ. ಮುಗಿದ ಮೇಲೆ ಗೋಧಿ, ಕಡಲೆ, ಒಣಹಣ್ಣು ಹಾಕಿ ಆಶುರೆ ಅನ್ನುವ ಪಾಯಸ ಮಾಡಿ ಓಣಿಗೆಲ್ಲ ಹಂಚುತ್ತಾರೆ. ಇವರ ಪೂಜೆಗೆ ಜೆಮ್ ಅಂತ ಹೆಸರು. ಕೂಡುವುದು ಅಂತ ಅರ್ಥ. ಗಂಡಸರು ಹೆಂಗಸರು ಒಟ್ಟಿಗೆ ಕೂತು, ಸಾಝ್ ಅನ್ನುವ ತಂತಿವಾದ್ಯ ಬಾರಿಸಿ ಹಾಡುತ್ತಾ ಮಾಡುವ ಪೂಜೆ.

"ಗುರುವಾರ ಸಂಜೆ ನಮ್ಮ ಜೆಮ್ ಇದೆ. ಪೂಜೆ ನಡೆಸುವ ತಾತನನ್ನು ಕೇಳಿ ಹೇಳ್ತೀನಿ. ಅದಕ್ಕೂ ಮುಂಚೆ ನಮ್ಮ ಸಂತರ ದರ್ಗಾ ಇರುವ ಹಾಜಿಬೆಕ್ತಾಶ್ ಊರಿಗೆ ಹೋಗಿ ಬನ್ನಿ" ಅಂದಳು.

ನನಗೂ ಅದೇ ಬೇಕಿತ್ತು. ಅಕ್ಕನಿಗೆ ಗೊರೆಮೆಯಲ್ಲಿ ಜನರನ್ನು ಹೊತ್ತು ಹಾರುವ ಬಲೂನು ಬೇಕಿತ್ತು. ಎರಡೂ ಒಂದೇ ದಿಕ್ಕಿನಲ್ಲಿದ್ದದ್ದು ಪುಣ್ಯ.

ಎರಡನೇ ದಿನ, ಮಂಗಳವಾರ

ಬೆಳಗಿನ ವಿಮಾನ, ಒಂದೂಕಾಲು ಗಂಟೆ ಹಾರಾಟ. ಗೊರೆಮೆಯ ಕಲ್ಲಿನ ಗೋಪುರಗಳ ಬಗ್ಗೆ, ಬಲೂನಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಅವತ್ತು ಗಾಳಿ ಜಾಸ್ತಿ ಅಂತ ಬಲೂನು ಹಾರಲೇ ಇಲ್ಲ, ನನಗೆ ಬರೆಯುವ ಕೆಲಸ ತಪ್ಪಿತು. ಅಕ್ಕನ ಮುಖ ಆಗಲೇ ಸಣ್ಣಗಾಗಿತ್ತು.

ಮಧ್ಯಾಹ್ನ ಅವಾನೋಸ್‌ಗೆ ಬಂದೆವು. ಊರ ನಡುವೆ ಕಿಝಿಲಿರ್ಮಾಕ್ ಹರಿಯುತ್ತದೆ. ಕೆಂಪು ಹೊಳೆ ಅಂತ ಅರ್ಥ, ನೀರೂ ಹಾಗೇ ಇದೆ. ಆ ಕೆಂಪು ಮಣ್ಣಿನಿಂದಲೇ ಇಲ್ಲಿಯವರು ತಲೆತಲಾಂತರದಿಂದ ಮಡಕೆ ಮಾಡುತ್ತಾರೆ. ಒಬ್ಬ ಕುಂಬಾರ ಅಕ್ಕನನ್ನು ತಿಗರಿ ಮುಂದೆ ಕೂರಿಸಿದ. ಕಾಲಿನಿಂದ ಒದ್ದು ತಿರುಗಿಸುವ ತಿಗರಿ. ಅಕ್ಕ ಮಾಡಿದ್ದು ಹೂಜಿಯೂ ಅಲ್ಲ, ಗಡಿಗೆಯೂ ಅಲ್ಲ. ಆದರೂ ಅವನು ಚಪ್ಪಾಳೆ ತಟ್ಟಿದ.

ಅಲ್ಲಿಂದ ನೆವ್ಷೆಹಿರ್ ಬಸ್‌ಸ್ಟ್ಯಾಂಡ್. ಹಾಜಿಬೆಕ್ತಾಶ್ ಇಲ್ಲಿಂದ ಸುಮಾರು 45 ಕಿ.ಮೀ. ಮಿನಿಬಸ್ ನಿಂತಿತ್ತು. ಡ್ರೈವರು ಕೈಯಲ್ಲಿ ಹತ್ತು ನಿಮಿಷ ಅಂತ ತೋರಿಸಿದ. "ಒಂಚೂರು ಜರ್ದಾಳು ತಗೊಂಡು ಬರ್ತೀನಿ" ಅಂತ ಅಕ್ಕ ಹೋದಳು. ಅವಳು ಚೌಕಾಸಿ ಮಾಡದೆ ಏನನ್ನೂ ಕೊಂಡವಳಲ್ಲ. ಭಾಷೆ ಬಾರದಿದ್ದರೆ ಚೌಕಾಸಿ ಇನ್ನೂ ಉದ್ದ ಆಗುತ್ತದೆ ಅಂತ ಅವತ್ತು ಗೊತ್ತಾಯಿತು. ಅವಳು ಅರ್ಧ ಕಿಲೋ ಹಿಡಿದು ಗೆದ್ದವಳ ಹಾಗೆ ಬರುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು. ಅದೇ ಆವತ್ತಿನ ಕೊನೆಯ ಬಸ್ಸು. ಆ ಕಡೆ ಹೋಗುವವರು ಇಳಿದ ಕೂಡಲೇ ಕೊನೆಯ ಮಿನಿಬಸ್ ಎಷ್ಟಕ್ಕೆ ಅಂತ ಕೇಳಿಟ್ಟುಕೊಳ್ಳಿ. ಆಮೇಲೆ ಜರ್ದಾಳು.

ನನಗೆ ತಲೆ ಕೆಟ್ಟಿತ್ತು. "ನಿನ್ನನ್ನ ಕರ್ಕೊಂಡು ಬಂದದ್ದೇ ತಪ್ಪು. ಮನೇಲಿ ಟಿವಿ ನೋಡ್ಕೊಂಡು ಇದ್ದಿದ್ರೆ ಎಲ್ಲರಿಗೂ ಆರಾಮಿತ್ತು" ಅಂದುಬಿಟ್ಟೆ.

ಅಕ್ಕ ತಿರುಗಿ ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೈಯಲಿಲ್ಲ. ಜರ್ದಾಳಿನ ಪೊಟ್ಟಣ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಟೂ ಬಿಟ್ಟಳು ಅಂತ ನನಗೆ ತಕ್ಷಣ ಗೊತ್ತಾಯಿತು. 58 ವರ್ಷದ ಹೆಂಗಸು, ಮೂರನೇ ಕ್ಲಾಸಿನ ಹುಡುಗಿ ಹಾಗೆ.

ಟ್ಯಾಕ್ಸಿ ಹಿಡಿದೆವು. ಗುಲ್ಷೆಹಿರ್ ದಾಟಿದ ಮೇಲೆ ಬೋಳು ಬಯಲು. ಮರ ಕಡಿಮೆ, ಆಕಾಶ ಜಾಸ್ತಿ. ರಸ್ತೆಯ ಎರಡೂ ಕಡೆ ಹೊಲದಲ್ಲಿ ಒಡೆದ ಕುಂಬಳಕಾಯಿಗಳು. ಇಲ್ಲಿ ಕುಂಬಳ ಬೆಳೆಯುವುದು ಬೀಜಕ್ಕೆ. ಬೀಜ ತೆಗೆದುಕೊಂಡು ಕಾಯಿಯನ್ನು ಹೊಲದಲ್ಲೇ ಬಿಡುತ್ತಾರೆ. ಸಂಜೆ ಬಿಸಿಲಿಗೆ ಹೊಲವೆಲ್ಲ ಕಿತ್ತಳೆ ಬಣ್ಣ. ಅಕ್ಕನಿಗೆ ಹೊಟ್ಟೆ ಉರಿದುಹೋಯಿತು. "ಎಷ್ಟು ಹಾಳು ಮಾಡ್ಯಾರ! ಹುಗ್ಗಿ ಮಾಡಿದ್ರೆ ಊರಿಗೆಲ್ಲ ಆಗ್ತಿತ್ತು" ಅಂದಳು. ನನಗಲ್ಲ, ಡ್ರೈವರಿಗೆ. ಕನ್ನಡದಲ್ಲೇ. ಅವನು "ಎವೆತ್, ಎವೆತ್" ಅಂತ ತಲೆಯಾಡಿಸಿದ. ಹೌದು ಹೌದು ಅಂತ.

ಫೋನಿನ ಅನುವಾದದಲ್ಲಿ ಅವನ ಜೊತೆ ನಾನೂ ಮಾತಾಡಿದೆ. ಅವನು ಅಲೆವಿ ಅಲ್ಲ. "ಆದರೆ ನಮ್ಮಮ್ಮ ಹರಕೆ ಹೊತ್ತು ಹಾಜಿ ಬೆಕ್ತಾಶ್‌ಗೆ ಹೋಗ್ತಿದ್ದಳು. ನಾನು ಹುಟ್ಟಿದ್ದು ಆ ಹರಕೆಗೇ" ಅಂದ.

ರಾತ್ರಿ ಒಂದು ಸಣ್ಣ ವಸತಿಗೃಹದಲ್ಲಿ ರೂಮು. ಆಗಸ್ಟ್ 16ರಿಂದ 18ರವರೆಗೆ ಇಲ್ಲಿ ದೊಡ್ಡ ಉತ್ಸವ. ಆಗ ರೂಮಿನ ಆಸೆ ಬಿಡಬೇಕು. ಅಕ್ಟೋಬರಿನಲ್ಲಿ ನಾವಿಬ್ಬರೇ. ಮನೆಯಾಕೆ ತರ್ಹಾನಾ ಸೂಪು ಕೊಟ್ಟಳು. ಮೊಸರು ಹಿಟ್ಟು ಹುದುಗಿಸಿ, ಒಣಗಿಸಿ ಇಟ್ಟುಕೊಂಡು ಮಾಡುವುದು. ಹುಳಿಹುಳಿ, ಬಿಸಿಬಿಸಿ. ಹೊರಗೆ ಎಲುಬು ನಡುಗಿಸುವ ಚಳಿ. ಅಕ್ಕ ಎರಡು ಬಟ್ಟಲು ಕುಡಿದು, ರಗ್ಗು ಎಳೆದುಕೊಂಡು, ಗೋಡೆ ಕಡೆ ತಿರುಗಿ ಮಲಗಿದಳು.

ಮೂರನೇ ದಿನ, ಬುಧವಾರ

ಹಾಜಿ ಬೆಕ್ತಾಶ್ ವೆಲಿ 13ನೇ ಶತಮಾನದವರು. ಖುರಾಸಾನಿನಿಂದ ಬಂದು ಈ ಬಯಲಿನಲ್ಲಿ ನೆಲೆಸಿದರು. ಎಲ್ಲ ಅಂಗಡಿಯಲ್ಲೂ ಅವರ ಚಿತ್ರ ಇದೆ: ಒಂದು ತೋಳಿನಲ್ಲಿ ಸಿಂಹ, ಇನ್ನೊಂದರಲ್ಲಿ ಜಿಂಕೆ. ಅವರ ದರ್ಗಾಕ್ಕೆ ಇಲ್ಲಿ ದೆರ್ಗಾಹ್ ಅಂತಾರೆ. 1925ರಲ್ಲಿ ತುರ್ಕಿ ಸರ್ಕಾರ ದೇಶದ ಎಲ್ಲ ಸೂಫಿ ಮಠಗಳ ಬಾಗಿಲು ಹಾಕಿಸಿತು. ಇದೂ ಮುಚ್ಚಿತು. 1964ರಲ್ಲಿ ಮತ್ತೆ ತೆರೆದಾಗ ಇದು ಮ್ಯೂಸಿಯಂ ಆಗಿತ್ತು. ಈಗಲೂ ಬೋರ್ಡಿನ ಪ್ರಕಾರ ಮ್ಯೂಸಿಯಂ. ಬರುವವರು ಮಾತ್ರ ಹೊಸ್ತಿಲಿಗೆ ಮುತ್ತಿಟ್ಟು, ಅದನ್ನು ತುಳಿಯದೆ ದಾಟುತ್ತಾರೆ. ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ನಾನು ತುಳಿದೆ. ಹಿಂದಿದ್ದ ಅಜ್ಜಿ ನಾಲಿಗೆಯಲ್ಲಿ ಚ್ಚ್ ಅಂದರು.

ಮೂರು ಅಂಗಳ. ಎರಡನೆಯದರಲ್ಲಿ ಸಿಂಹದ ಬಾಯಿಂದ ನೀರು ಬೀಳುವ ಕಾರಂಜಿ. ಜನ ಬಾಟಲಿಯಲ್ಲಿ ತುಂಬಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅಡುಗೆಮನೆ. ಅಲ್ಲಿ ಕರಾ ಕಝಾನ್ ಅನ್ನುವ ಕರಿ ಕಡಾಯಿ ಇದೆ. ನಮ್ಮ ಮಠದ ದಾಸೋಹದ ಕೊಪ್ಪರಿಗೆ ನೋಡಿದವರಿಗೆ ಅದರ ಗಾತ್ರ ಹೇಳಬೇಕಾಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೈದಾನದ ಮನೆ. ಮೆಯ್ದಾನ್ ಅಂದರೆ ಇವರಿಗೆ ಜೆಮ್ ನಡೆಯುವ ಜಾಗ. ಮೇಲೆ ನೋಡಿದರೆ ಮರದ ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ಚೌಕ ಸಣ್ಣದಾಗುತ್ತಾ ಹೋಗುವ ಚಾವಣಿ. ಕೆಳಗೆ ಕೂರುವ ಕುರಿಚರ್ಮಗಳು. ಇವಕ್ಕೆ ಪೋಸ್ತ್ ಅಂತಾರೆ. ಹಾಜಿ ಬೆಕ್ತಾಶರ ಹೆಸರಿನ ಬೆಕ್ತಾಶಿ ಪಂಥದ ಮಠದಲ್ಲಿ ಇಂಥ ಪೋಸ್ತ್ ಹನ್ನೆರಡು. ಮೊದಲನೆಯದು ಗುರುವಿನದು. ಉಳಿದವು ಯಾರದ್ದು ಅಂದುಕೊಂಡಿರಿ? ಅಡುಗೆಯವನಿಗೆ ಒಂದು, ರೊಟ್ಟಿ ಸುಡುವವನಿಗೆ ಒಂದು, ಕಾಫಿ ಮಾಡುವವನಿಗೆ ಒಂದು. ಅತಿಥಿಗಳನ್ನು ನೋಡಿಕೊಳ್ಳುವವನಿಗೂ ಒಂದು. ಪ್ರತಿ ಪೋಸ್ತೂ ಒಬ್ಬ ಸಂತನ ಹೆಸರಿನಲ್ಲಿ. ಅತಿಥಿಯ ಪೋಸ್ತು ಹಿಝಿರ್ ಹೆಸರಿನಲ್ಲಿ, ಕಷ್ಟಕ್ಕೆ ಸಿಕ್ಕಿದವರ ಮುಂದೆ ಗುರುತು ಹೇಳದೆ ಬಂದು ನಿಲ್ಲುವ ಅಮರ ಸಂತ. ಯಾರು ಮನೆಗೆ ಬಂದರೂ ಅದು ಹಿಝಿರ್ ಇರಬಹುದಲ್ವಾ, ಅದಕ್ಕೇ ಆ ಪೋಸ್ತು. ಕಾಫಿ ಮಾಡುವ ಕೆಲಸಕ್ಕೂ ಗುರುಪೀಠದ ಸಾಲಿನಲ್ಲೇ ಜಾಗ ಕೊಟ್ಟ ಮಠವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಮಧ್ಯಾಹ್ನ ಊರಾಚೆಯ ಚಿಲೆಹಾನೆ ಗುಡ್ಡಕ್ಕೆ ಹೋದೆವು. ಅಲ್ಲಿ ಒಂದು ತೂತಿನ ಬಂಡೆ ಇದೆ. ಸಣ್ಣ ಗುಹೆ, ಆಚೆ ಬರಲು ಕಲ್ಲಿನಲ್ಲಿ ಕಿಂಡಿ. ಪಾಪ ಮಾಡಿದವರು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ನಂಬಿಕೆ. ಮುಂದೆ ಶಾಲೆ ಮಕ್ಕಳ ಗುಂಪು ಮೀನಿನ ಹಾಗೆ ಜಾರಿ ಹೋಯಿತು. ಅಕ್ಕ ಮೈಯಲ್ಲಿ ನನಗಿಂತ ಹೆಚ್ಚು. ಸೀರೆ ಬೇರೆ. ಸೆರಗು ಸಿಕ್ಕಿಸಿಕೊಂಡು, ಒಂದು ಭುಜ ಮುಂದೆ ಹಾಕಿ ಸಲೀಸಾಗಿ ಆಚೆ ಬಂದಳು.

ನಾನು ಸಿಕ್ಕಿಕೊಂಡೆ.

ಸೊಂಟ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಸ್ವೆಟರು ಕಲ್ಲಿಗೆ ಹಿಡಿದಿತ್ತು. ಮಕ್ಕಳು ಸುತ್ತ ನಿಂತು ನಕ್ಕವು. ಅಕ್ಕ ಎದುರಿಗೇ ಕಲ್ಲಿನ ಮೇಲೆ ಕೂತು ಜರ್ದಾಳು ತಿನ್ನುತ್ತಿದ್ದಳು. ಮಾತಿಲ್ಲ. ಆದರೆ ಕಣ್ಣಲ್ಲಿ ಏನು ಹೊಳೆಯುತ್ತಿತ್ತು ಅಂತ ನನಗೆ ಕಾಣುತ್ತಿತ್ತು.

ಕೊನೆಗೆ ಅಲ್ಲಿ ಕಲ್ಲಿನ ಮಣಿ ಮಾರುವ ಅಜ್ಜರೊಬ್ಬರು ಬಂದರು. ಒಂದು ಕೈ ಮುಂದೆ, ಒಂದು ಕೈ ಹಿಂದೆ, ಉಸಿರು ಬಿಡು ಅಂತ ತೋರಿಸಿಕೊಟ್ಟರು. ಹೊರಗೆ ಬಿದ್ದೆ. ಅಜ್ಜ ಜರ್ಮನಿಯಲ್ಲಿ ದುಡಿದು ಬಂದವರು, ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ನನ್ನ ಸ್ವೆಟರಿನ ಧೂಳು ಕೊಡವುತ್ತಾ ಕೈ ತೋರಿಸಿದರು, ಸೊಂಟ ತೋರಿಸಿದರು, ನಾಲಿಗೆ ತೋರಿಸಿದರು. "ಎಲಿನೆ, ಬೆಲಿನೆ, ದಿಲಿನೆ." ಕೈ, ಸೊಂಟ, ನಾಲಿಗೆ, ಮೂರೂ ನಿನ್ನ ಹಿಡಿತದಲ್ಲಿರಲಿ. ಇವರ ಇಡೀ ನೀತಿ ಈ ಮೂರು ಮಾತಿನಲ್ಲಿದೆ. ಕದಿಯಬೇಡ, ಕೆಟ್ಟ ನಡತೆ ಬೇಡ, ಕೆಟ್ಟ ಮಾತು ಬೇಡ. "ನೀನು ಸಿಕ್ಕಿಕೊಂಡದ್ದು ಯಾವುದಕ್ಕೆ?" ಅಂತ ಕೇಳಿ ನಕ್ಕರು. ನಾನು ಸೊಂಟ ಅಂದೆ. ನಿಜ ಬೇರೆ ಇತ್ತು.

ಅಜ್ಜರ ಊರು ಸಿವಾಸ್ ಕಡೆ. ಸಿವಾಸ್ ಅಂದರೆ ಇವರಿಗೆ 1993ರ ಜುಲೈ 2. ಅಲೆವಿ ಕವಿ ಪೀರ್ ಸುಲ್ತಾನ್ ಅಬ್ದಾಲ್ ಹೆಸರಿನ ಉತ್ಸವಕ್ಕೆ ಬಂದವರು ಉಳಿದಿದ್ದ ಮದಿಮಾಕ್ ಹೋಟೆಲನ್ನು ಜನರ ಗುಂಪು ಸುತ್ತುವರಿದು ಬೆಂಕಿ ಹಚ್ಚಿತು. ಉತ್ಸವಕ್ಕೆ ಬಂದಿದ್ದ 33 ಮಂದಿ, ಹೋಟೆಲಿನ ಇಬ್ಬರು ನೌಕರರು ಸತ್ತರು. ಅವರಲ್ಲಿ ಸೆಮಾಹ್, ಅಂದರೆ ಪೂಜೆಯ ಹಾಡಿಗೆ ಸುತ್ತುವ ಸೇವೆ, ಮಾಡಲು ಬಂದ ಹುಡುಗ ಹುಡುಗಿಯರೂ ಇದ್ದರು. ಅಜ್ಜ ಇದನ್ನು ಹೇಳುವಾಗ ಮಣಿಗಳನ್ನು ದಾರಕ್ಕೆ ಪೋಣಿಸುತ್ತಲೇ ಇದ್ದರು. ನಾನು ಒಂದು ಸರ ಕೊಂಡೆ. ಅಕ್ಕನೂ ಕೊಂಡಳು. ಚೌಕಾಸಿ ಮಾಡಲಿಲ್ಲ.

ನಾಲ್ಕನೇ ದಿನ, ಗುರುವಾರ

ಬೆಳಗ್ಗೆ ಮನೆಯಾಕೆ ಹೇಳಿದ ಮೇಲೆ ತಿಳಿದದ್ದು: ವಿಮಾನ ನಿಲ್ದಾಣ ಇರುವುದು ಗುಲ್ಷೆಹಿರ್ ಬಳಿಯ ತುಝ್ಕೋಯ್ ಹತ್ತಿರ, ಅಂದರೆ ನಾವು ಬಂದ ದಾರಿಯಲ್ಲೇ. ಮಂಗಳವಾರ ನಾವು ಇಳಿದದ್ದೇ ಅರ್ಧ ದಾರಿಯಲ್ಲಿ! ನೇರ ಹಾಜಿಬೆಕ್ತಾಶ್‌ಗೆ ಬಂದಿದ್ದರೆ ಬಸ್ಸೂ ತಪ್ಪುತ್ತಿರಲಿಲ್ಲ, ಜಗಳವೂ ಆಗುತ್ತಿರಲಿಲ್ಲ. ಪ್ಲಾನು ಮಾಡಿದ್ದು ನಾನು. ಅಕ್ಕ ಈ ಮಾತು ಕೇಳಿಸಿಕೊಂಡಳು. ಸೂಟ್‌ಕೇಸು ಎತ್ತಿಕೊಂಡು ಮುಂದೆ ನಡೆದಳು.

ಸಂಜೆ ಇಸ್ತಾಂಬುಲ್‌ನ ಏಷ್ಯಾ ಕಡೆಯ ಒಂದು ಮೊಹಲ್ಲಾ. ಜೆಮೆವಿ ಅಂದರೆ ಜೆಮ್ ಮನೆ. ಹೊರಗಿನಿಂದ ನಮ್ಮ ಸಮುದಾಯ ಭವನದ ಹಾಗೇ ಇತ್ತು. ಕೆಳಗೆ ಅಡುಗೆಮನೆ, ಮೇಲೆ ಒಂದು ಹಾಲ್. ಒಂದು ಕೋಣೆಯಲ್ಲಿ ಮಕ್ಕಳು ಸಾಝ್ ಕಲಿಯುತ್ತಿದ್ದರು. ಹುಡುಗಿ ಮೊದಲೇ ಫೋನ್ ಮಾಡಿ ತಾತನ ಒಪ್ಪಿಗೆ ಪಡೆದಿದ್ದಳು. ಸುಮ್ನೆ ನುಗ್ಗಬಾರದು. ಫೋಟೋ ತೆಗೆಯಬಾರದು. ಕಾಲುಚೀಲ ತೂತಿಲ್ಲದ್ದು ಹಾಕಿಕೊಂಡು ಹೋಗಿ. ನನ್ನ ಎಡಗಾಲಿನ ಹೆಬ್ಬೆರಳು ಪೂಜೆ ಮುಗಿಯುವವರೆಗೂ ಹೊರಗಿಣುಕುತ್ತಿತ್ತು.

ಮೆಟ್ಟಿಲಲ್ಲಿ ಹುಡುಗಿ ಒಂದಿಷ್ಟು ಹೇಳಿದಳು. ಜೆಮೆವಿ ಕಟ್ಟಡ ಹೊಸ ಕಾಲದ್ದು. ಅವಳ ಅಜ್ಜಿಯ ಹಳ್ಳಿಯಲ್ಲಿ ಇಂಥದ್ದು ಇರಲಿಲ್ಲ. ಸುಗ್ಗಿ ಮುಗಿದು ಹಿಮ ಬಿದ್ದ ಮೇಲೆ ತಾತ ಹಳ್ಳಿಗೆ ಬರುತ್ತಿದ್ದರು, ದೊಡ್ಡ ಮನೆ ಇದ್ದವರಲ್ಲಿ ಜೆಮ್ ನಡೆಯುತ್ತಿತ್ತು. ತುರ್ಕಿ ಭಾಷೆಯಲ್ಲಿ ದೆದೆ ಅಂದರೆ ತಾತ. ಪೂಜೆ ನಡೆಸುವ ಗುರುವನ್ನೂ ಹಾಗೇ ಕರೆಯುತ್ತಾರೆ. ಅವರ ಹೆಂಡತಿ ಅನಾ, ಅಂದರೆ ತಾಯಿ. ತಾತಂದಿರ ಮನೆತನಕ್ಕೆ ಒಜಾಕ್ ಅಂತ ಹೆಸರು. ಒಜಾಕ್ ಅಂದರೆ ಒಲೆ. ಒಂದೊಂದು ಕುಟುಂಬವೂ ಒಂದೊಂದು ಒಲೆಗೆ ಸೇರಿದ್ದು. ಜನ ಪಟ್ಟಣಕ್ಕೆ ವಲಸೆ ಬಂದ ಮೇಲೆ ಆ ಮನೆಗಳೂ ಹೋದವು, ಅದಕ್ಕೇ ಈ ಹಾಲ್‌ಗಳು. ಸರ್ಕಾರ ಇದನ್ನು ಪೂಜಾಸ್ಥಳ ಅಂತ ಕಾನೂನಿನಲ್ಲಿ ಒಪ್ಪಿಲ್ಲ. ಮಸೀದಿಗೆ ಸಿಗುವ ಕರೆಂಟ್ ಬಿಲ್ ರಿಯಾಯಿತಿ ತಮಗೂ ಬೇಕು ಅಂತ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋಗಿ 2014ರಲ್ಲಿ ಗೆದ್ದರು. 2022ರಲ್ಲಿ ಸರ್ಕಾರ ಸಂಸ್ಕೃತಿ ಇಲಾಖೆಯ ಕೆಳಗೆ ಅಲೆವಿಗಳಿಗೆ ಒಂದು ಕಚೇರಿ ಮಾಡಿತು. "ನಮ್ಮ ನಂಬಿಕೆ ಜಾನಪದ ಕಲೆಯಾ?" ಅಂತ ಅವಳ ಪ್ರಶ್ನೆ.

ಒಳಗೆ ಎಲ್ಲರೂ ನೆಲದ ಮೇಲೆ, ಸುತ್ತಲೂ ಮುಖಕ್ಕೆ ಮುಖ ಕಾಣುವ ಹಾಗೆ ಕೂತಿದ್ದರು. ನಡುವೆ ಖಾಲಿ ಜಾಗ, ಅದೇ ಮೈದಾನ. ಯಾರ ಬೆನ್ನೂ ಯಾರಿಗೂ ಕಾಣಬಾರದು. ದೇವರು ಮನುಷ್ಯನ ಮುಖದಲ್ಲಿದ್ದಾನೆ ಅಂದ ಮೇಲೆ ಬೆನ್ನು ನೋಡಿ ಏನು ಪ್ರಯೋಜನ ಅಂತ ಲೆಕ್ಕ. ಗಂಡಸು ಹೆಂಗಸು ಎಲ್ಲರಿಗೂ ಒಂದೇ ಸಂಬೋಧನೆ, ಜಾನ್. ಜೀವ ಅಂತ.

ತಾತ ಪೋಸ್ತಿನ ಮೇಲೆ ಕೂತು ಮೊದಲು ತಮ್ಮ ಬಗ್ಗೆಯೇ ಕೇಳಿದರು. ನಾನು ಇಲ್ಲಿ ಕೂರುವುದಕ್ಕೆ ನೀವು ಒಪ್ಪಿದ್ದೀರಾ? ಜನ ಹೂಂ ಅಂದರು. ಆಮೇಲೆ ಎರಡನೇ ಪ್ರಶ್ನೆ: "ಬಿರ್‌ಬಿರಿನಿಝ್ದೆನ್ ರಾಝಿ ಮಿಸಿನಿಝ್?"

ಅಕ್ಕ ಕಿವಿ ನಿಮಿರಿಸಿದಳು. "ರಾಜಿ ಅಂದ್ರಲ್ಲ?"

ಅಂದರು. ಅದೇ ಮಾತು. ನಮ್ಮ ಪಂಚಾಯ್ತಿ ಕಟ್ಟೆಯ ರಾಜಿಗೂ ಇವರ ರಾಝಿಗೂ ಬೇರು ಒಂದೇ. ನೀವು ಒಬ್ಬರಿಗೊಬ್ಬರು ರಾಜಿಯಾಗಿದ್ದೀರಾ ಅಂತ ಪ್ರಶ್ನೆ. ಮುನಿಸಿಕೊಂಡವರು ಕೂತಿದ್ದರೆ ಜೆಮ್ ಶುರು ಆಗಲ್ಲ. ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಇದಕ್ಕೇ ಬೇರೆ ಜೆಮ್ ಇತ್ತು, ಹೊಲದ ಬದು, ಸಾಲ, ಗಂಡ ಹೆಂಡತಿ ಜಗಳ ಎಲ್ಲ ಅಲ್ಲೇ ತೀರಬೇಕು. ತಪ್ಪು ದೊಡ್ಡದಾದರೆ ಆ ಮನುಷ್ಯನನ್ನು ದುಷ್ಕುನ್ ಅಂತ ಹೊರಗಿಡುತ್ತಿದ್ದರು. ಅವನ ಜೊತೆ ಊಟ ಇಲ್ಲ, ಮಾತಿಲ್ಲ. ಈಗ ಪಟ್ಟಣದಲ್ಲಿ ಎಲ್ಲರೂ "ರಾಝಿಯಿಝ್" ಅಂತ ಕೋರಸ್‌ನಲ್ಲಿ ಹೇಳಿ ಮುಂದೆ ಹೋಗುತ್ತಾರೆ ಅಂತ ಹುಡುಗಿ ಪಿಸುಗುಟ್ಟಿದಳು.

ಅವಳು ಹೇಳಿ ಮುಗಿಸುವ ಮೊದಲೇ ಒಬ್ಬ ಎದ್ದು ನಿಂತ.

ಅವನಿಗೂ ಅವನ ದಾಯಾದಿಗೂ ಕಾರು ನಿಲ್ಲಿಸುವ ಜಾಗದ ಜಗಳವಂತೆ. ಇಬ್ಬರನ್ನೂ ಮೈದಾನಕ್ಕೆ ಕರೆದರು. ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನದರ ಮೇಲಿಟ್ಟು, ಕೈ ಎದೆಗಿಟ್ಟು, ತಲೆ ತಗ್ಗಿಸಿ ನಿಂತರು. ಇದಕ್ಕೆ ದಾರ್‌ನಲ್ಲಿ ನಿಲ್ಲುವುದು ಅಂತಾರೆ. ದಾರ್ ಅಂದರೆ ನೇಣುಗಂಬ. ನಾನೇ ಸತ್ಯ ಅಂದದ್ದಕ್ಕೆ ಬಾಗ್ದಾದಿನಲ್ಲಿ ಕೊಂದ ಮನ್ಸೂರ್ ಹಲ್ಲಾಜ್ ನೆನಪಿಗೆ. ಕಾರ್ ಪಾರ್ಕಿಂಗ್ ಜಗಳಕ್ಕೆ ನೇಣುಗಂಬದ ಕೆಳಗೆ ನಿಂತ ಇಬ್ಬರನ್ನು ನೋಡಿ ನನಗೆ ಮೊದಲು ನಗು ಬಂತು. ಸ್ವಲ್ಪ ಹೊತ್ತಿಗೆ ನಗು ಹೋಯಿತು. ಚಿಕ್ಕವನು ಏನೋ ಹೇಳಿದ, ಗಂಟಲು ಕಟ್ಟಿತು. ಇಪ್ಪತ್ತು ನಿಮಿಷ ಆಗಿರಬೇಕು. ಒಬ್ಬರ ಭುಜಕ್ಕೆ ಇನ್ನೊಬ್ಬರು ಮುತ್ತಿಟ್ಟು ಕೂತರು.

ಆಗ ಅಕ್ಕ ಎರಡು ದಿನದ ನಂತರ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ನಾನೂ ಏಳ್ಲಾ?"

"ಅಕ್ಕಾ, ಕೂತ್ಕೋ ಸುಮ್ನೆ. ತಪ್ಪಾಯ್ತು."

"ಏನ್ ತಪ್ಪಾಯ್ತು, ಹೇಳು."

"ಬಸ್‌ಸ್ಟ್ಯಾಂಡಲ್ಲಿ ಹಾಗೆ ಅನ್ನಬಾರದಿತ್ತು."

"ಮತ್ತ?"

"ಏರ್‌ಪೋರ್ಟಿಂದ ನೇರ ಹೋಗಬೇಕಿತ್ತು. ಪ್ಲಾನು ನನ್ನದೇ ತಪ್ಪು."

"ಹಾಂ" ಅಂದಳು. ತಾತನ ಕಡೆ ತಿರುಗಿ, ಅವರಿಗೆ ಕೇಳಿಸುವಷ್ಟು ಜೋರಾಗಿ, "ರಾಜಿ!" ಅಂದಳು. ತಾತ ಏನು ಅರ್ಥ ಮಾಡಿಕೊಂಡರೋ, ಎದೆ ಮೇಲೆ ಕೈಯಿಟ್ಟು ನಮ್ಮ ಕಡೆ ಬಾಗಿದರು.

ಜೆಮ್‌ನಲ್ಲಿ ಹನ್ನೆರಡು ಸೇವೆ. ಸೇವೆಗೊಬ್ಬರು. ಕೋಲು ಹಿಡಿದು ಶಿಸ್ತು ನೋಡುವ ಗೊಝ್ಜು, ಬಾಗಿಲು ಕಾಯುವವರು, ಕೈಗೆ ನೀರು ಹಾಕುವವರು, ಊಟ ಹಂಚುವವರು. ಪೊರಕೆ ಹಿಡಿದ ಮೂವರು ಹೆಂಗಸರು ಮೈದಾನದಲ್ಲಿ ಮೂರು ಸಲ ಗುಡಿಸಿದರು. ಅಲ್ಲಿ ಕಸವೇ ಇರಲಿಲ್ಲ. ಗುಡಿಸಿದ್ದು ಬೇರೆ ಕಸ. ಚೆರಾಗ್ ಹಚ್ಚುವಾಕೆ ಮೂರು ದೀಪ ಹಚ್ಚಿದರು, ಹಕ್ ಅನ್ನುವ ದೇವರು, ಮುಹಮ್ಮದ್, ಅಲಿ ಹೆಸರಿನಲ್ಲಿ. ಚೆರಾಗ್ ನಮ್ಮ ಕಡೆಯ ಚಿರಾಗು. ಅಕ್ಕನಿಗೆ ಒಂದೊಂದೇ ಪದ ಸಿಕ್ಕುತ್ತಾ ಹೋಯಿತು.

ಝಾಕಿರ್ ಅಂದರೆ ಸಾಝ್ ಬಾರಿಸಿ ಹಾಡುವವರು. ಆ ವಾದ್ಯಕ್ಕೆ ತಂತಿಯ ಕುರಾನ್ ಅಂತಲೂ ಹೆಸರು. ಮೊದಲು ಅದಕ್ಕೆ ಮುತ್ತಿಟ್ಟು ಆಮೇಲೆ ಶ್ರುತಿ. ಅವರು ಹಾಡಿದ್ದು ನಲವತ್ತು ಜನರ ಸಭೆಯ ಕಥೆ. ಪ್ರವಾದಿ ಸ್ವರ್ಗಯಾತ್ರೆ ಮುಗಿಸಿ ಬರುವಾಗ ಒಂದು ಬಾಗಿಲು ತಟ್ಟುತ್ತಾರೆ. ಯಾರು? ಪ್ರವಾದಿ. ಇಲ್ಲಿ ಪ್ರವಾದಿಗೆ ಜಾಗ ಇಲ್ಲ. ಮತ್ತೆ ತಟ್ಟುತ್ತಾರೆ, ಬಾಗಿಲು ತೆರೆಯಲ್ಲ. ಕೊನೆಗೆ, ಬಡವರ ಸೇವಕ ಅಂದಾಗ ಬಾಗಿಲು ತೆರೆಯುತ್ತದೆ. ಒಳಗೆ ಒಂದು ದ್ರಾಕ್ಷಿ ಹಣ್ಣು ಹಿಂಡಿ ನಲವತ್ತು ಜನ ಕುಡಿಯುತ್ತಾರೆ. ಎಲ್ಲರಿಗೂ ಮತ್ತೇರುತ್ತದೆ, ಎದ್ದು ಸುತ್ತುತ್ತಾರೆ.

ಹಾಡು ಅಲ್ಲಿಗೆ ಬಂದಾಗ ಮೂವರು ಗಂಡಸರು, ಮೂವರು ಹೆಂಗಸರು ಎದ್ದರು. ಸೆಮಾಹ್. ಬರಿಗಾಲು. ಒಬ್ಬರನ್ನೊಬ್ಬರು ಮುಟ್ಟಲ್ಲ, ತಾತನಿಗೆ ಬೆನ್ನು ತೋರಿಸಲ್ಲ. ಮೊದಲು ನಿಧಾನ, ಕೊಕ್ಕರೆ ರೆಕ್ಕೆ ಬಿಚ್ಚಿದ ಹಾಗೆ ತೋಳು. ಒಂದು ಅಂಗೈ ಮುಖದ ಮುಂದೆ, ಕನ್ನಡಿ ಹಿಡಿದ ಹಾಗೆ. ಆಮೇಲೆ ವೇಗ. ಅವರಲ್ಲಿ ಒಬ್ಬಾಕೆಗೆ ಅರವತ್ತು ದಾಟಿತ್ತು. ಕೆಳಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವರೇ ಅವರು. ಯುನೆಸ್ಕೋ 2010ರಲ್ಲಿ ಸೆಮಾಹ್‌ ಅನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. "ಪಟ್ಟಿ ಸರಿ, ಆದರೆ ಕುಣಿತ ಅಂತ ಬರೀಬೇಡಿ" ಅಂತ ಹುಡುಗಿ ಎಚ್ಚರಿಸಿದಳು. ಬರೆದಿಲ್ಲ.

ಕೊನೆಗೆ ಕರ್ಬಲಾದ ಶೋಕಗೀತೆ. ಸಾಝ್ ತೀರಾ ತಗ್ಗಿತು. ಜನ ತೊಡೆ ತಟ್ಟಿಕೊಂಡು ಅಳುತ್ತಿದ್ದರು. ಒಬ್ಬರು ಬಟ್ಟಲು ಹಿಡಿದು ನೀರು ಚಿಮುಕಿಸುತ್ತಾ ಬಂದರು, ಹುಸೇನರಿಗೆ ಸಿಗದ ನೀರು. ಅಕ್ಕನಿಗೆ ಭಾಷೆ ಬರಲ್ಲ. ಹುಸೇನ್ ಅನ್ನುವ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಅವಳು ತುಟಿಯಲ್ಲೇ ಅಪ್ಪನ ರಿವಾಯತ್ ಪದ ಹೇಳಿಕೊಳ್ಳುತ್ತಿದ್ದಳು. ಧಾಟಿ ಬೇರೆ, ತಾಳ ಕೂಡುತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ. ಹನಿ ಬಿದ್ದಾಗ ಕಣ್ಣು ಮುಚ್ಚಿದಳು.

ಪೂಜೆ ಮುಗಿಯಿತು, ದೀಪದ ಸರದಿ. "ಈಗ ದೀಪ ಆರಿಸ್ತಾರಾ?" ಅಂತ ಕೇಳಿದೆ. ಹುಡುಗಿ ಗಾಬರಿಯಿಂದ ತಲೆಯಾಡಿಸಿದಳು. ಆರಿಸುವುದು ಅನ್ನಬಾರದು, ದೀಪಕ್ಕೆ ವಿಶ್ರಾಂತಿ ಕೊಡುವುದು ಅನ್ನಬೇಕು. ಗಂಡು ಹೆಣ್ಣು ಒಟ್ಟಿಗೆ ಕೂತು ದೀಪ ಆರಿಸಿ ಏನೇನೋ ಮಾಡುತ್ತಾರೆ ಅಂತ ಅಲೆವಿಗಳ ಮೇಲೆ ನೂರಾರು ವರ್ಷದಿಂದ ಹೊಲಸು ಅಪವಾದ ಇದೆ. ಶಾಲೆಯಲ್ಲಿ ಅವಳಿಗೂ ಯಾರೋ ಹಾಗೆ ಅಂದಿದ್ದರಂತೆ. ಅಕ್ಕನಿಗೆ ಇದನ್ನು ಹೇಳಿದೆ. "ನಾವೂ ದೀಪ ಶಾಂತ ಮಾಡು ಅಂತೀವಲ್ಲ" ಅಂದಳು, ಅದರಲ್ಲೇನು ಅನ್ನುವ ಹಾಗೆ. ಹುಡುಗಿಗೆ ಅನುವಾದ ಮಾಡಿದೆ. ಅವಳು ಅಕ್ಕನ ಕೈ ಹಿಡಿದುಕೊಂಡಳು, ಊಟ ಬರುವವರೆಗೂ ಬಿಡಲಿಲ್ಲ.

ಊಟಕ್ಕೆ ಲೊಕ್ಮಾ ಅಂತಾರೆ, ತುತ್ತು ಅಂತ. ಒಂದು ತಟ್ಟೆ ಗೋಧಿ ನುಚ್ಚಿನ ಪಲಾವು, ಮೇಲೆ ಕುರಿ ಮಾಂಸದ ತುಂಡು, ಜೊತೆಗೆ ಮನೆಗೆ ಒಯ್ಯಲು ಒಂದು ಚೀಲ, ಅದರಲ್ಲಿ ಬನ್ನು, ಬಿಸ್ಕತ್ತು, ಸೇಬು. ಎಲ್ಲರಿಗೂ ಸಮಪಾಲು. ಎಲ್ಲರಿಗೂ ಮುಟ್ಟುವವರೆಗೆ ಯಾರೂ ಬಾಯಿಗಿಡುವ ಹಾಗಿಲ್ಲ. ಹಂಚುವವರು ನಡುವೆ ನಿಂತು ಕೇಳಿದರು: ನಿಮ್ಮ ಪಾಲಿಗೆ ರಾಜಿಯಾ?

ಗುರುವಾರ. ಅಕ್ಕ ರಾಯರ ವಾರ ಮಾಂಸ ಮುಟ್ಟಲ್ಲ. ಆದರೆ ಅವಳೊಬ್ಬಳು ಇಲ್ಲ ಅಂದರೆ ನೂರು ಜನರ ತಟ್ಟೆ ತಣ್ಣಗಾಗುತ್ತದೆ. ನನ್ನ ಮುಖ ನೋಡಿದಳು. "ರಾಜಿ" ಅಂದಳು. ತಾತ ಪ್ರಾರ್ಥನೆ ಮುಗಿಸಿದ್ದೇ ತಡ, ಮಾಂಸವನ್ನೂ ಅದರ ಕೆಳಗಿನ ಪಲಾವನ್ನೂ ನನ್ನ ತಟ್ಟೆಗೆ ತಳ್ಳಿ, ಬನ್ನು ಬಿಚ್ಚಿದಳು.

ಹೊರಗೆ ಸಣ್ಣ ಮಳೆ. ಅಕ್ಕನ ಮಗ ಫೋನ್ ಮಾಡಿ ಬಸ್ಸಿನ ನಂಬರು ಹೇಳಿದ. ಸ್ಟಾಪಿನಲ್ಲಿ ನಿಂತಾಗ ಅಕ್ಕ ನನ್ನ ಚೀಲ ಇಸಿದುಕೊಂಡು ಒಳಗೆ ಕೈ ಹಾಕಿದಳು. ಎರಡೂ ಸೇಬು ತೆಗೆದು ಬೀದಿ ದೀಪಕ್ಕೆ ಹಿಡಿದು ನೋಡಿದಳು.

"ನಿನ್ನದು ದೊಡ್ಡದು."

"ರಾಜಿ ಇಲ್ಲಾಂದ್ರೆ ಒಳಗೆ ಹೋಗಿ ಹೇಳು."

"ಬಸ್ಸು ತಪ್ಪಿದ್ರ?" ಅಂದಳು, ದೊಡ್ಡ ಸೇಬನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾ.